ಕುರ್ಚಿಯೂ ಕಸುಬೂ

ನಮ್ಮ ಕಚೇರಿ ಭಾಷೆಯಲ್ಲಿ ಬಡ್ತಿಗೆ ಎದುರಾಗಿ ಇರುವುದು ಒಂದೇ ಮಾತು: ಹಿಂಬಡ್ತಿ. ಅದು ಶಿಕ್ಷೆಯ ಮಾತು. ಆರೋಪಪಟ್ಟಿ, ಇಲಾಖಾ ವಿಚಾರಣೆ, ಅಮಾನತುಗಳ ಸಾಲಿನಲ್ಲಿ ಕೂರುವಂಥದ್ದು. ಯಾವ ತಪ್ಪನ್ನೂ ಮಾಡದೆ, ಮೇಲಿನ ಕುರ್ಚಿ ತಮಗೆ ಒಗ್ಗಲಿಲ್ಲವೆಂದು ತಾವಾಗಿಯೇ ಎದ್ದು ಹಳೆಯ ಕೆಲಸಕ್ಕೆ ಮರಳುವವರಿಗೆ ಗೌರವದ ಹೆಸರೊಂದು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಹೆಸರಿಲ್ಲದ ಕಡೆ ಆಲೋಚನೆಗೂ ಜಾಗ ಕಡಿಮೆ. ಹಾಗಾಗಿ ಕುರ್ಚಿ ಒಗ್ಗದವರು ಮೊದಲು ತಮ್ಮ ಮೇಲೆ, ಆಮೇಲೆ ಕೈಕೆಳಗಿನವರ ಮೇಲೆ, ಕಡೆಗೆ ಮನೆಯವರ ಮೇಲೆ ಸಿಡುಕುತ್ತ ನಿವೃತ್ತಿಯ ದಿನ ಎಣಿಸುತ್ತಾರೆ. ಮೇಲ್ವಿಚಾರಣೆಯನ್ನು ನಾವು ಕಸುಬಿನ ಮುಂದಿನ ಮೆಟ್ಟಿಲೆಂದು ತಿಳಿದಿದ್ದೇವೆ. ಅದು ಬೇರೆಯದೇ ಒಂದು ಕಸುಬು. ಅದು ತಮಗೆ ಹೊಂದುತ್ತದೋ ಇಲ್ಲವೋ ಎಂಬುದನ್ನು ಅದರಲ್ಲಿ ಕೂತವರು ಮಾತ್ರ ಕಂಡುಕೊಳ್ಳಬಲ್ಲರು. ಕಂಡುಕೊಳ್ಳಲು ನಂಬಬಹುದಾದ ಗುರುತೂ ಒಂದಿದೆ. ಈ ಉಪನ್ಯಾಸದ ವಾದ ಇಷ್ಟೇ.

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಗಣಿತದ ಮೇಷ್ಟರೊಬ್ಬರನ್ನು ಕಲ್ಪಿಸಿಕೊಳ್ಳಿ. ಭಿನ್ನರಾಶಿಯನ್ನು ರೊಟ್ಟಿ ಮುರಿದು ತೋರಿಸಿ ಹೇಳಿಕೊಡುವವರು. ಸೇವಾ ಜ್ಯೇಷ್ಠತೆಯ ಪಟ್ಟಿಯಲ್ಲಿ ಸರದಿ ಬಂದು ಮುಖ್ಯ ಶಿಕ್ಷಕರಾಗುತ್ತಾರೆ. ಅಲ್ಲಿಂದ ಅವರ ಲೆಕ್ಕವೆಲ್ಲ ಬಿಸಿಯೂಟದ ದಾಸ್ತಾನು ಪುಸ್ತಕದಲ್ಲಿ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಆರರಿಂದ ಎಂಟರವರಿಗೆ 150 ಗ್ರಾಂ. ಹಾಜರಾತಿಯಿಂದ ಗುಣಿಸಿ, ಉಳಿಕೆ ಬರೆದು, ಮೂಟೆಯಲ್ಲಿ ಕಡಿಮೆ ಬಿದ್ದ ಎರಡು ಕೆಜಿಗೆ ಸಮಜಾಯಿಷಿ ಹುಡುಕಬೇಕು. ಅಡುಗೆಯವರಿಬ್ಬರ ಮನಸ್ತಾಪ ತೀರಿಸಬೇಕು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಕೋರಂ ಕೂಡಿಸಬೇಕು, ಸೋರುವ ಕೊಠಡಿಯ ದುರಸ್ತಿಗೆ ಪಂಚಾಯಿತಿಗೆ ಅಲೆಯಬೇಕು. ಬಿಇಒ ಕಚೇರಿಯಿಂದ ವಾಟ್ಸಾಪ್‌ನಲ್ಲಿ ಬಂದ ನಮೂನೆ ಇವತ್ತೇ ತುಂಬಿ ಹೋಗಬೇಕು. ಇವು ಕೀಳು ಕೆಲಸಗಳೆಂದು ನಾನು ಹೇಳುತ್ತಿಲ್ಲ. ಶಾಲೆ ನಿಂತಿರುವುದೇ ಇವುಗಳ ಮೇಲೆ, ಇವನ್ನು ಹೂ ಎತ್ತಿದಂತೆ ಮಾಡುವ ಮುಖ್ಯ ಶಿಕ್ಷಕರೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ರೊಟ್ಟಿ ಮುರಿಯುವ ಕೈಗೂ ಈ ಕೆಲಸಕ್ಕೂ ಯಾವ ಹುಟ್ಟುನಂಟೂ ಇಲ್ಲ. ಎರಡಕ್ಕೂ ನಂಟಿದೆಯೆಂದು ನಾವು ಸುಮ್ಮನೆ ನಂಬಿದ್ದೇವೆ. ಆ ನಂಬಿಕೆಯ ಬೆಲೆಯಾಗಿ ಒಂದೇ ಆದೇಶದಲ್ಲಿ ಶಾಲೆ ಗಣಿತದ ಮೇಷ್ಟರನ್ನು ಕಳೆದುಕೊಂಡು, ಒಲ್ಲದ ಮನಸ್ಸಿನ ಆಡಳಿತಗಾರರೊಬ್ಬರನ್ನು ಪಡೆಯುತ್ತದೆ.

1969ರಲ್ಲಿ ಲಾರೆನ್ಸ್ ಪೀಟರ್ ಮತ್ತು ರೇಮಂಡ್ ಹಲ್ ಇದನ್ನೇ ಒಂದು ವಿಡಂಬನೆಯ ಪುಸ್ತಕ ಮಾಡಿದರು: ಶ್ರೇಣಿಯಲ್ಲಿ ಪ್ರತಿಯೊಬ್ಬರೂ ತಮಗೆ ಕೈಲಾಗದ ಹುದ್ದೆ ತಲುಪುವವರೆಗೆ ಏರುತ್ತಲೇ ಇರುತ್ತಾರೆ, ಅಲ್ಲಿ ನಿಲ್ಲುತ್ತಾರೆ. ಜನ ನಕ್ಕು ಮರೆತರು. ಅರ್ಧ ಶತಮಾನದ ನಂತರ, 2019ರಲ್ಲಿ, ಅಲನ್ ಬೆನ್ಸನ್, ಡೇನಿಯಲ್ ಲಿ, ಕೆಲ್ಲಿ ಶೂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ 131 ಕಂಪನಿಗಳ ಮಾರಾಟ ವಿಭಾಗದ ದಾಖಲೆಗಳನ್ನು ಹಿಡಿದು ಆ ನಗೆಯನ್ನು ಲೆಕ್ಕಕ್ಕೆ ಹಚ್ಚಿದರು. ಹೆಚ್ಚು ಮಾರಿದವರಿಗೇ ಮ್ಯಾನೇಜರ್ ಹುದ್ದೆ ಸಿಗುವ ಸಂಭವ ಹೆಚ್ಚಿತ್ತು. ಆದರೆ ಬಡ್ತಿಗೆ ಮುಂಚೆ ಒಬ್ಬರ ಮಾರಾಟ ಇಮ್ಮಡಿ ಇದ್ದಲ್ಲಿ, ಅವರು ಮ್ಯಾನೇಜರ್ ಆದ ಮೇಲೆ ಕೈಕೆಳಗಿನವರ ಮಾರಾಟ ಶೇ. 7.5ರಷ್ಟು ಕಡಿಮೆ ಇತ್ತು. ಒಂಟಿಯಾಗಿ ಮಾರಿ ಗೆದ್ದವರಿಗಿಂತ, ಮಾರಾಟದ ಶ್ರೇಯವನ್ನು ಜೊತೆಗಾರರೊಡನೆ ಹಂಚಿಕೊಂಡು ಕೆಲಸ ಮಾಡಿದ್ದವರು ಒಳ್ಳೆಯ ಮ್ಯಾನೇಜರ್‌ಗಳಾದರು. ಮಾರಾಟದ ಮಾತು ಮೇಷ್ಟರಿಗೂ ಎಂಜಿನಿಯರಿಗೂ ಹಾಗೇ ಅನ್ವಯಿಸುತ್ತದೆಂದು ಹೇಳಲಾಗದು. ಆದರೂ ಕಸುಬಿನ ಮೇಲುಗೈ ಆಡಳಿತದ ಮೇಲುಗೈಗೆ ಜಾಮೀನಲ್ಲ ಎಂಬಷ್ಟನ್ನು ಈ ಅಧ್ಯಯನ ಗಟ್ಟಿ ಮಾಡಿದೆ. ಶ್ರೇಯ ಹಂಚಿಕೊಳ್ಳುವವರ ಬಗೆಗಿನ ಮಾತನ್ನು ಮನಸ್ಸಿನಲ್ಲಿಡಿ. ನಮ್ಮ ಗುರುತು ಇರುವುದು ಅದರ ಹತ್ತಿರವೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರ ಕುರ್ಚಿಯ ಚರಿತ್ರೆ ಈ ವಿಷಯಕ್ಕೆ ಒಳ್ಳೆಯ ಪಾಠಶಾಲೆ. 1933ರಲ್ಲಿ ಅದರ ಮೇಲೆ ಕೂತ ಮೊದಲ ಭಾರತೀಯ ಸಿ.ವಿ. ರಾಮನ್. ನೊಬೆಲ್ ಬಂದು ಮೂರು ವರ್ಷವಾಗಿತ್ತು. ಅವರು ಸುಮ್ಮನೆ ಕೂರಲಿಲ್ಲ: ಭೌತಶಾಸ್ತ್ರ ವಿಭಾಗ ತೆರೆದರು, ಶಿಷ್ಯ ನಾಗೇಂದ್ರನಾಥರೊಡನೆ ಶ್ರವಣಾತೀತ ತರಂಗಗಳಿಂದ ಬೆಳಕು ವಿವರ್ತನೆಗೊಳ್ಳುವ ಸಿದ್ಧಾಂತವನ್ನು ಆ ವರ್ಷಗಳಲ್ಲೇ ಕಟ್ಟಿದರು, ಹಿಟ್ಲರನ ಜರ್ಮನಿಯಿಂದ ಹೊರಬಿದ್ದಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು 1935ರಲ್ಲಿ ಬೆಂಗಳೂರಿಗೆ ಕರೆಸಿ ಇಲ್ಲೇ ಉಳಿಸಿಕೊಳ್ಳಲು ಹೆಣಗಿದರು. ಆದರೆ ನಿರ್ದೇಶಕರ ದಿನಗೆಲಸ ಬೇರೆ. ಸೀಮಿತ ಹಣವನ್ನು ಒಂದರೊಡನೊಂದು ಜಗ್ಗಾಡುವ ವಿಭಾಗಗಳಿಗೆ ಹಂಚುವುದು, ಹಂಚಿದ್ದು ನ್ಯಾಯವೆಂದು ಸೋತವರಿಗೂ ಅನ್ನಿಸುವಂತೆ ಮಾಡುವುದು. ಭೌತಶಾಸ್ತ್ರವನ್ನು ಮುಂದೆ ತಂದು ಉಳಿದವನ್ನು ಕಡೆಗಣಿಸಿದರೆಂಬ ದೂರು ಬೆಳೆಯಿತು. 1936ರಲ್ಲಿ ಜೇಮ್ಸ್ ಇರ್ವಿನ್ ಸಮಿತಿ ಬಂತು, 1937ರಲ್ಲಿ ರಾಮನ್ ನಿರ್ದೇಶಕತನ ಬಿಟ್ಟರು. ಇದರಲ್ಲಿ ವಸಾಹತು ಕಾಲದ ರಾಜಕೀಯವಿತ್ತು, ಕೆಲವು ಪ್ರಾಧ್ಯಾಪಕರ ಹಗೆಯೂ ಇತ್ತು. ಎಲ್ಲವನ್ನೂ ರಾಮನ್ನರ ಸ್ವಭಾವದ ತಲೆಗೆ ಕಟ್ಟುವುದು ಅನ್ಯಾಯ. ಆದರೆ ರಾಜಕೀಯ ಇಲ್ಲದ ನಿರ್ದೇಶಕರ ಕುರ್ಚಿಯನ್ನು ಯಾರು ಕಂಡಿದ್ದಾರೆ? ಎದುರಾಳಿಗಳ ನಡುವೆ ತಾಳ್ಮೆಯಿಂದ ಹೆಣೆಯುತ್ತ ಹೋಗುವುದೇ ಆ ಕೆಲಸ, ರಾಮನ್ನರಿಗೆ ಒಗ್ಗದೆ ಹೋದದ್ದೂ ಅದೇ.

ಕುರ್ಚಿ ಬಿಟ್ಟ ಮೇಲೆ ಅದೇ ಆವರಣದಲ್ಲಿ ಅವರು 1948ರವರೆಗೆ ಬರಿಯ ಪ್ರಾಧ್ಯಾಪಕರಾಗಿ ಉಳಿದರು. ವಿಕ್ರಮ್ ಸಾರಾಭಾಯಿ ಅವರ ಬಳಿಗೆ ಬಂದದ್ದು, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದಿದ್ದ ಜಿ.ಎನ್. ರಾಮಚಂದ್ರನ್ ಭೌತಶಾಸ್ತ್ರಕ್ಕೆ ಹೊರಳಿದ್ದು ಈ ಅವಧಿಯಲ್ಲೇ. ಇಳಿದ ಕಾಲವೆಂದು ಹೊರಗಿನವರು ಕಂಡದ್ದು ಶಿಷ್ಯರ ಲೆಕ್ಕದಲ್ಲಿ ಏರುಗಾಲ. ಇಲ್ಲಿ ಒಂದು ತೊಡಕೂ ಇದೆ. ಇದೇ ರಾಮನ್ 1934ರಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಗೆ ತಾವು ತೀರಿಕೊಂಡ 1970ರವರೆಗೂ ಅಧ್ಯಕ್ಷರಾಗಿದ್ದರು, ತಮ್ಮದೇ ಸಂಶೋಧನಾಲಯ ಕಟ್ಟಿ ನಡೆಸಿದರು. ಅಲ್ಲಿ ಹಂಚಿಕೆಯ ಜಗಳವಿರಲಿಲ್ಲ. ಯಜಮಾನ, ಕೆಲವೇ ಶಿಷ್ಯರು, ಹರಳುಗಳು, ಗುಲಾಬಿ ತೋಟ. ಕುರ್ಚಿಯ ಹೆಸರು ಒಂದೇ, ಕೆಲಸ ಬೇರೆ. ಆದ್ದರಿಂದ ‘ನನಗೆ ಆಡಳಿತ ಬಾರದು’ ಎಂಬ ಸಾರಾಸಗಟು ತೀರ್ಮಾನಕ್ಕೆ ಯಾರೂ ಬರಬೇಕಿಲ್ಲ. ಯಾವ ಬಗೆಯ ಆಡಳಿತ ಒಗ್ಗದು ಎಂದು ಕೇಳಿಕೊಂಡರೆ ಉತ್ತರ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಗುರುತು ಯಾವುದು? ಬೈಗುಳ, ಸೋಲು, ದಣಿವು ಇವು ಯಾವುವೂ ಅಲ್ಲ. ಹೊಸ ಕುರ್ಚಿಯಲ್ಲಿ ಎಲ್ಲರೂ ಎಡವುತ್ತಾರೆ, ಎಲ್ಲರೂ ದಣಿಯುತ್ತಾರೆ. ಸಂಜೆ ಬಾಗಿಲು ಹಾಕುವಾಗ ಏಳುವ ಒಂದು ಭಾವವನ್ನು ನೋಡಿ: ‘ಇವತ್ತು ಏನೂ ಕೆಲಸವೇ ಆಗಲಿಲ್ಲ.’ ಬೆಳಿಗ್ಗೆಯಿಂದ ಇಬ್ಬರ ಜಗಳ ಬಿಡಿಸಿ, ಹೊಸಬನಿಗೆ ದಾರಿ ತೋರಿಸಿ, ಮೇಲಿನವರೊಡನೆ ಗುದ್ದಾಡಿ ತಂಡಕ್ಕೆ ಹದಿನೈದು ದಿನದ ಗಡುವು ಗಿಟ್ಟಿಸಿದ ಮೇಲೂ ಹೀಗೆ ಅನ್ನಿಸಿದರೆ, ನಿಮ್ಮ ಒಳಮನಸ್ಸು ಅದನ್ನು ಕೆಲಸವೆಂದು ಒಪ್ಪಿಲ್ಲ. ಟೀಮ್ ಲೀಡ್ ಆದ ಪ್ರೋಗ್ರಾಮರ್ ರಾತ್ರಿ ಹನ್ನೊಂದಕ್ಕೆ ಕಿರಿಯನ ಕೋಡನ್ನು ಗುಟ್ಟಾಗಿ ತಾನೇ ತಿದ್ದಿ ಬರೆದು ನೆಮ್ಮದಿಯಿಂದ ಮಲಗುವುದು ಈ ಭಾವದ ಫಲವೇ. ಕಿರಿಯ ಕಲಿಯಲಿಲ್ಲ, ಹಿರಿಯ ಬಿಡಲಿಲ್ಲ. ಮೇಲ್ವಿಚಾರಕರ ಕೈಯ ಸರಕು ಇನ್ನೊಬ್ಬರ ಕೆಲಸ. ಆ ಕೆಲಸ ಚೆನ್ನಾದಾಗ ಸ್ವಂತ ಕೈಯಿಂದ ಮಾಡಿದಷ್ಟೇ ಹಿಗ್ಗುವವರಿಗೆ ಮಾತ್ರ ಈ ಕಸುಬು ಊಟ ಹಾಕುತ್ತದೆ, ಉಳಿದವರಿಗೆ ಬರೀ ಸಂಬಳ ಕೊಡುತ್ತದೆ. ರಾಮನ್ ಕೂತಿದ್ದ ಕುರ್ಚಿಯಲ್ಲೇ 1962ರಿಂದ 1981ರವರೆಗೆ ಕೂತವರು ಸತೀಶ್ ಧವನ್. 1979ರ ಆಗಸ್ಟ್‌ನಲ್ಲಿ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿದ್ದಾಗ ಇಸ್ರೋ ಅಧ್ಯಕ್ಷರಾಗಿ ಪತ್ರಕರ್ತರ ಎದುರು ತಾವೇ ನಿಂತರು, 1980ರ ಜುಲೈನಲ್ಲಿ ಅದು ಮೇಲೇರಿದಾಗ ಯೋಜನೆಯ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಂ ಅವರನ್ನು ಮುಂದೆ ಮಾಡಿದರು. ಎಷ್ಟೋ ಭಾಷಣಗಳಲ್ಲಿ ಸವೆದುಹೋದ ಪ್ರಸಂಗ ಇದು, ಅಲ್ಲೆಲ್ಲ ತ್ಯಾಗದ ಮಾದರಿಯಾಗಿ ಬರುತ್ತದೆ. ನನಗೆ ಅದರಲ್ಲಿ ತ್ಯಾಗ ಕಾಣುವುದಿಲ್ಲ. ತನ್ನ ಕಸುಬಿನ ಸುಖ ಎಲ್ಲಿದೆಯೆಂದು ಗೊತ್ತಿದ್ದ ಒಬ್ಬ ಮನುಷ್ಯ ಕಾಣುತ್ತಾನೆ.

ಇದಕ್ಕೆ ಮೊದಲ ಆಕ್ಷೇಪ: ಯಾವ ಕೆಲಸವೂ ಕಲಿತರೆ ಬರುತ್ತದೆ, ಆರು ತಿಂಗಳಲ್ಲಿ ಕೈಚೆಲ್ಲುವುದು ಸೋಮಾರಿತನ. ಅರ್ಧ ಒಪ್ಪುತ್ತೇನೆ. ಸಭೆ ನಡೆಸುವುದು, ಬಜೆಟ್ ಓದುವುದು, ಕಹಿ ಮಾತನ್ನು ಕಹಿಯಿಲ್ಲದೆ ಹೇಳುವುದು ಇವೆಲ್ಲ ಕಲಿಕೆಗೆ ಒಗ್ಗುತ್ತವೆ. ಹಾಗಾಗಿಯೇ ಕೈ ಪಳಗುವ ಮುಂಚೆ ತೀರ್ಪು ಕೊಟ್ಟುಕೊಳ್ಳಬಾರದು. ಒಂದೆರಡು ವರ್ಷವಾದರೂ ಬೇಕು. ಆದರೆ ಕೈ ಪಳಗಿದ ಮೇಲೂ ‘ಏನೂ ಕೆಲಸವಾಗಲಿಲ್ಲ’ ಎಂಬ ಭಾವ ಮಾಸದಿದ್ದರೆ ಅದು ಅನನುಭವದ ಲಕ್ಷಣವಲ್ಲ. ಕ್ರಿಕೆಟಿಗ ರಾಹುಲ್ ದ್ರಾವಿಡ್ 2007ರಲ್ಲಿ ಭಾರತ ತಂಡದ ನಾಯಕತ್ವ ಬಿಟ್ಟದ್ದು ಸೋತು ಅಲ್ಲ, ಇಂಗ್ಲೆಂಡಿನಲ್ಲಿ 21 ವರ್ಷಗಳ ನಂತರ ಟೆಸ್ಟ್ ಸರಣಿ ಗೆದ್ದ ಬೆನ್ನಿಗೇ. ಅದೇ ಇಂಗ್ಲೆಂಡಿನಲ್ಲಿ 2011ರಲ್ಲಿ ತಂಡ ನಾಲ್ಕೂ ಟೆಸ್ಟ್ ಸೋತಾಗ ಅವರೊಬ್ಬರದೇ ಮೂರು ಶತಕ. ಮುಂದೆ ಕೋಚ್ ಆಗಿ ಕಿರಿಯರನ್ನು ಬೆಳೆಸಿದರು, 2024ರಲ್ಲಿ ಟಿ20 ವಿಶ್ವಕಪ್ ತಂದರು. ಒಂದು ಕುರ್ಚಿ ಬಿಟ್ಟವರು ಎಲ್ಲ ಕುರ್ಚಿಗಳಿಗೂ ಬೆನ್ನು ತಿರುಗಿಸಿದಂತಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಸಹಜ ಶಕ್ತಿ, ಹುಟ್ಟುಗುಣ ಎಂಬ ಮಾತುಗಳು ನಮ್ಮ ನಾಡಿನಲ್ಲಿ ಮುಗ್ಧ ಮಾತುಗಳಲ್ಲ. ಹೆಣ್ಣಿಗೆ ಆಡಳಿತ ಒಗ್ಗದು, ಇಂಥ ಜಾತಿಯವರಿಗೆ ಅಧಿಕಾರ ಜೀರ್ಣವಾಗದು ಎಂದು ಹೇಳಿಯೇ ಬಹುಜನರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೇವೆ. 1983ರ ಕಾಯ್ದೆಯಡಿ 1987ರಲ್ಲಿ ಕರ್ನಾಟಕದ ಮಂಡಲ ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳಿಗೆ ಶೇ. 25 ಸ್ಥಾನ ಮೀಸಲಾದಾಗ ಕೇಳಿಬಂದ ಕುಹಕವೂ ಇದೇ ಧಾಟಿಯದು. ಮುಂದೆ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ, ರಾಜಸ್ಥಾನಗಳ ಪಂಚಾಯಿತಿಗಳನ್ನು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದರು: ಮಹಿಳಾ ಮುಖ್ಯಸ್ಥರಿದ್ದ ಕಡೆ ಕುಡಿಯುವ ನೀರಿನಂಥ ಹೆಂಗಸರ ಬೇಡಿಕೆಗಳಿಗೆ ಹೆಚ್ಚು ಹಣ ಹರಿದಿತ್ತು. ಕುರ್ಚಿ ಸಿಗುವ ಮುಂಚೆ ಆ ಶಕ್ತಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದ್ದರಿಂದಲೇ ನನ್ನ ವಾದಕ್ಕೆ ಒಂದು ಕಟ್ಟು ಹಾಕಿದ್ದೇನೆ: ಒಗ್ಗದು ಎಂಬ ತೀರ್ಪನ್ನು ಕುರ್ಚಿಯಲ್ಲಿ ಕೂತು ನೋಡಿದವರು ತಮ್ಮ ಬಗ್ಗೆ ಕೊಟ್ಟುಕೊಳ್ಳಬಹುದು. ಕೂರಿಸುವ ಮುಂಚೆ ಇನ್ನೊಬ್ಬರ ಬಗ್ಗೆ ಕೊಡುವ ಹಕ್ಕು ಯಾರಿಗೂ ಇಲ್ಲ.

ಇನ್ನು ಅನ್ನದ ಪ್ರಶ್ನೆ. ಸಂಬಳ ಇರುವುದು ಮೇಲಿನ ಕುರ್ಚಿಯಲ್ಲೇ. ಮಗಳ ಫೀಸು, ಮನೆ ಸಾಲ ಇರುವವರಿಗೆ ಸಹಜ ಶಕ್ತಿಯ ಉಪದೇಶ ಯಾಕೆ? ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡಬೇಕಾದವರು ವ್ಯಕ್ತಿಗಳಲ್ಲ, ಸಂಸ್ಥೆಗಳು. ಇಸ್ರೋ, ಡಿಆರ್‌ಡಿಒಗಳಲ್ಲಿ ಮೇಲೆ ಹುದ್ದೆ ಖಾಲಿ ಇಲ್ಲದಿದ್ದರೂ ಅರ್ಹತೆಯ ಮೇಲೆ ವಿಜ್ಞಾನಿಯ ದರ್ಜೆ ಏರುತ್ತದೆ. ಕೈಕೆಳಗೆ ಐವತ್ತು ಜನ ಇರಲೇಬೇಕೆಂದಿಲ್ಲ. ಬೆಂಗಳೂರಿನ ಹಲವು ಸಾಫ್ಟ್‌ವೇರ್ ಕಂಪನಿಗಳು ಮ್ಯಾನೇಜರ್ ಏಣಿಯ ಪಕ್ಕ ಆರ್ಕಿಟೆಕ್ಟ್ ಏಣಿಯನ್ನೂ ಇಟ್ಟಿವೆ, ಮೇಲಿನ ಮೆಟ್ಟಿಲುಗಳು ಎಷ್ಟು ಗಟ್ಟಿಯೆಂಬುದು ಬೇರೆ ಮಾತು. ಕೇಂದ್ರ ಸರ್ಕಾರ 2008ರಿಂದ ತಂದ ಎಂಎಸಿಪಿ ಯೋಜನೆಯಲ್ಲಿ ಬಡ್ತಿ ಸಿಗದವರಿಗೆ 10, 20, 30 ವರ್ಷದ ಸೇವೆಗೆ ವೇತನ ಏರುತ್ತದೆ. ಒಳ್ಳೆಯದೇ. ಆದರೆ ಬಂದ ಬಡ್ತಿಯನ್ನು ಬೇಡವೆಂದವರಿಗೆ ಆ ಏರಿಕೆ ಇಲ್ಲ. ಕುರ್ಚಿ ಸಿಗದೆ ಕಾದವರ ಮೇಲೆ ಕನಿಕರ, ಕುರ್ಚಿ ಒಲ್ಲೆನೆಂದವರ ಮೇಲೆ ಮುನಿಸು. ಈ ಒಂದು ನಿಯಮದಲ್ಲಿ ನಮ್ಮ ವ್ಯವಸ್ಥೆಯ ಮನಸ್ಸು ಪೂರ್ತಿ ಬಯಲಾಗಿದೆ ಎನ್ನಿಸುತ್ತದೆ.

ಹೀಗಿರುವಾಗ ಜನ ನಿಜವನ್ನು ಬಚ್ಚಿಡುವುದರಲ್ಲಿ ಆಶ್ಚರ್ಯವಿಲ್ಲ. 1952ರ ನವೆಂಬರ್‌ನಲ್ಲಿ ಇಸ್ರೇಲಿನ ಮೊದಲ ಅಧ್ಯಕ್ಷ ಖೈಮ್ ವೈಜ್‌ಮನ್ ತೀರಿಕೊಂಡಾಗ ಆ ಹುದ್ದೆ 73 ವರ್ಷದ ಐನ್‌ಸ್ಟೈನ್ ಮನೆ ಬಾಗಿಲಿಗೆ ಬಂತು. ವಯಸ್ಸನ್ನೊಂದೇ ನೆಪ ಮಾಡಿದ್ದರೂ ನಡೆಯುತ್ತಿತ್ತು. ಅವರು ವಯಸ್ಸಿನ ಮಾತನ್ನು ಆಮೇಲಕ್ಕಿಟ್ಟು ಮೊದಲಿಗೇ ಬರೆದರು: ಜೀವಮಾನವಿಡೀ ವಸ್ತುನಿಷ್ಠ ವಿಷಯಗಳೊಡನೆ ವ್ಯವಹರಿಸಿದವನು ನಾನು, ಮನುಷ್ಯರೊಡನೆ ಸರಿಯಾಗಿ ವ್ಯವಹರಿಸುವ ಸಹಜ ಗುಣವೂ ಅನುಭವವೂ ನನಗಿಲ್ಲ. ನಮ್ಮ ಕಚೇರಿಗಳ ಬಡ್ತಿ ನಿರಾಕರಣೆ ಪತ್ರಗಳಲ್ಲಿ ಆ ಜಾಗಕ್ಕೆ ಇಂದಿಗೂ ಬರುವುದು ‘ಕೌಟುಂಬಿಕ ಕಾರಣಗಳಿಂದ’ ಎಂಬ ಒಂದು ಸಾಲು, ಕೆಳಗೆ ಸಹಿ.