ನಾಲ್ಕು ಫೈಲು, ಒಬ್ಬ ರೋಗಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪ ಅಂದರು. ಅದು ಈಗಿನ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಇಲ್ಲಿ ಕೂತಿರುವ ಹಲವು ಮನೆಗಳಿಗೆ ಸಂಬಂಧಪಟ್ಟ ಬೇರೊಂದು ವಿಷಯ ಎತ್ತಿಕೊಳ್ಳುತ್ತೇನೆ. ಶುಗರ್, ಬಿ.ಪಿ., ಹೃದಯದ ತೊಂದರೆ, ಮಂಡಿನೋವು ಎಲ್ಲ ಒಟ್ಟಿಗೆ ಇರುವವರನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದಾರೋ ಇಲ್ಲವೋ ಎಂದು ಅಳೆಯುವುದು ಹೇಗೆ?

ನಾನು ಬನಶಂಕರಿಯಲ್ಲಿದ್ದೇನೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಹೃದಯಕ್ಕೆ ಜಯದೇವ, ಮೂಳೆಗೆ ಜಯನಗರದ ಸಂಜಯ ಗಾಂಧಿ ಆಸ್ಪತ್ರೆ, ಕ್ಯಾನ್ಸರಿಗೆ ಕಿದ್ವಾಯಿ, ನರಕ್ಕೂ ಮನಸ್ಸಿಗೂ ನಿಮ್ಹಾನ್ಸ್. ಎಲ್ಲವೂ ಕೆಲವೇ ಕಿಲೋಮೀಟರ್ ಒಳಗಿವೆ, ಎಲ್ಲವೂ ತಮ್ಮ ಕೆಲಸದಲ್ಲಿ ಹೆಸರು ಮಾಡಿವೆ. ಆದರೆ ಕಾಯಿಲೆಗಳು ಹೀಗೆ ಹಂಚಿಕೊಂಡು ಬರುವುದಿಲ್ಲವಲ್ಲ! ಒಬ್ಬರಿಗೇ ನಾಲ್ಕು ಕಾಯಿಲೆ ಇದ್ದರೆ ನಾಲ್ಕು ಕಡೆ ನಾಲ್ಕು ಫೈಲು.

ನಮ್ಮಮ್ಮನ ವಿಷಯವೇ ತೆಗೆದುಕೊಳ್ಳಿ. ಬಿ.ಪಿ.ಗೆ ಒಂದು ಕಡೆ ತೋರಿಸುತ್ತಿದ್ದರು, ಮಂಡಿಗೆ ಇನ್ನೊಂದು ಕಡೆ. ಮಂಡಿಗೆ ಕೊಟ್ಟ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರು. ಈ ಜಾತಿಯ ಕೆಲವು ಮಾತ್ರೆಗಳು ಬಿ.ಪಿ. ಏರಿಸುತ್ತವೆ, ಕಿಡ್ನಿಗೂ ಒಳ್ಳೆಯದಲ್ಲ. ಬಿ.ಪಿ. ಏರಿತು ಎಂದು ಅಲ್ಲಿ ಇನ್ನೊಂದು ಮಾತ್ರೆ ಸೇರಿತು. ಕೊನೆಗೆ ಕೇಳಿದ್ದು ಮೆಡಿಕಲ್ ಶಾಪ್ ಹುಡುಗ: "ಅಮ್ಮ, ಇದನ್ನ ಬರೆದ ಡಾಕ್ಟ್ರಿಗೆ ನಿಮಗೆ ಬಿ.ಪಿ. ಇರೋದು ಗೊತ್ತಾ?"

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹೀಗೇ. ಒಂದೊಂದು ಬಿಡಿಭಾಗವನ್ನು ಬೇರೆಬೇರೆ ಪರೀಕ್ಷಿಸಿದರೆ ಎಲ್ಲವೂ ಪಾಸು. ಜೋಡಿಸಿದರೆ ಕೆಡುತ್ತದೆ. ಆದ್ದರಿಂದ ಜೋಡಿಸಿದ್ದಕ್ಕೇ ಬೇರೆ ಪರೀಕ್ಷೆ ಇಟ್ಟುಕೊಂಡಿದ್ದೇವೆ.

2005ರಲ್ಲಿ ಅಮೆರಿಕದ ಕೆಲವು ವೈದ್ಯರು ಕಾಗದದ ಮೇಲೆ ಒಂದು ಲೆಕ್ಕ ಹಾಕಿದರು. 79 ವರ್ಷದ ಒಬ್ಬ ಅಜ್ಜಿಗೆ ಶುಗರ್, ಬಿ.ಪಿ., ಕೀಲುನೋವು, ಮೂಳೆ ಸವೆತ, ಶ್ವಾಸಕೋಶದ ಕಾಯಿಲೆ, ಹೀಗೆ ಐದು ಇವೆ ಎಂದಿಟ್ಟುಕೊಳ್ಳಿ. ಪ್ರತಿ ಕಾಯಿಲೆಗೂ ಪುಸ್ತಕದಲ್ಲಿರುವಂತೆಯೇ ಚಿಕಿತ್ಸೆ ಕೊಟ್ಟರೆ ಆಕೆಗೆ 12 ಬಗೆಯ ಔಷಧಿ, ದಿನಕ್ಕೆ 19 ಡೋಸ್! ಯಾವ ವೈದ್ಯರೂ ತಪ್ಪು ಮಾಡಿಲ್ಲ. ಆದರೂ ಅಜ್ಜಿಯ ದಿನವೆಲ್ಲ ಮಾತ್ರೆಯಲ್ಲೇ ಕಳೆಯಿತು.

ಅದೇ ವರ್ಷ ಅಲ್ಲಿಯೇ 20 ಪ್ರಶ್ನೆಗಳ ಒಂದು ಪಟ್ಟಿಯೂ ಪ್ರಕಟವಾಯಿತು. ಪ್ಯಾಸಿಕ್ ಎಂದು ಅದರ ಹೆಸರು. ಉತ್ತರಿಸಬೇಕಾದವರು ರೋಗಿಗಳು. ಕಳೆದ ಆರು ತಿಂಗಳಲ್ಲಿ ಚಿಕಿತ್ಸೆ ನಿರ್ಧರಿಸುವಾಗ ನಿಮ್ಮ ಅಭಿಪ್ರಾಯ ಕೇಳಿದರೇ, ಔಷಧಿಯಿಂದ ತೊಂದರೆ ಇದೆಯೇ ಎಂದು ವಿಚಾರಿಸಿದರೇ, ಬೇರೆ ಡಾಕ್ಟರ ಹತ್ತಿರ ಹೋಗಿದ್ದು ಏನಾಯಿತು ಎಂದರೇ, ಈ ಥರ. ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ.

ಗಮನಿಸಿ, ಇಲ್ಲಿ ನಿಮಗೆ ತೃಪ್ತಿಯಾಯಿತೇ ಎಂದು ಕೇಳುವುದಿಲ್ಲ. ಹೀಗೆ ನಡೆಯಿತೇ, ಎಷ್ಟು ಸಲ ನಡೆಯಿತು ಎಂದು ಕೇಳುತ್ತಾರೆ. ನನಗೆ ಇದೇ ದೊಡ್ಡ ವಿಷಯ ಅನ್ನಿಸಿತು. ನಮ್ಮ ದೇಶದಲ್ಲೂ 2016ರಿಂದ 'ಮೇರಾ ಅಸ್ಪತಾಲ್' ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ಫೋನ್, ಎಸ್ಸೆಮ್ಮೆಸ್ ಮೂಲಕ ರೋಗಿಗಳ ಅಭಿಪ್ರಾಯ ಕೇಳುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಅದು ಕೇಳುವುದು ಒಂದು ಭೇಟಿಯಲ್ಲಿ ತೃಪ್ತಿಯಾಯಿತೇ ಎಂದು. ನಮ್ಮ ಹಿರಿಯರು ವೈದ್ಯರ ಬಗ್ಗೆ ಕೆಟ್ಟ ಮಾತು ಆಡುವವರೇ? ಅಮ್ಮನನ್ನು ಕೇಳಿದೆ. "ಚೆನ್ನಾಗಿ ನೋಡಿದ್ರು, ದೇವರಂಥವರು" ಅಂದರು. ಬೇರೆ ಕಡೆ ಕೊಟ್ಟ ಮಾತ್ರೆ ಯಾವುದು ಅಂತ ಕೇಳಿದ್ರಾ ಎಂದೆ. "ಇಲ್ಲ ಕಣಪ್ಪ, ಅವರ್ಯಾಕೆ ಅದನ್ನೆಲ್ಲ ಕೇಳ್ತಾರೆ?" ಎರಡೂ ನಿಜವಾದ ಉತ್ತರಗಳೇ. ಆದರೆ ಉಪಯೋಗಕ್ಕೆ ಬರುವುದು ಎರಡನೆಯದು.

ಮನೆಬಾಗಿಲಿಗೆ ಹೋಗಿ ಕೇಳಿದರೆ ಏನು ಸಿಗುತ್ತದೆ ಎನ್ನುವುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆಯವರು ನಗರದ ಇನ್ನೊಂದು ತುದಿಯ ಕಾಡುಗೊಂಡನಹಳ್ಳಿಯಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಮನೆ ಸುತ್ತಿದರು. ದೀರ್ಘಕಾಲದ ಕಾಯಿಲೆಯವರಿದ್ದ ಮನೆಗಳಲ್ಲಿ ಶೇ. 16ರಷ್ಟು ಮನೆಗಳು ದಾಖಲಾಗದೆ ಪಡೆವ ಚಿಕಿತ್ಸೆಗೇ ವರಮಾನದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಖರ್ಚು ಮಾಡುತ್ತಿದ್ದವು. ಇದು ಯಾವ ಆಸ್ಪತ್ರೆಯ ಫೈಲಿನಲ್ಲೂ ಸಿಗುವ ಅಂಕಿಯಲ್ಲ.

ಹೀಗೆ ಕೇಳಿದರೆ ಕಾಯಿಲೆ ವಾಸಿಯಾಗುತ್ತದಾ ಎಂದು ನೀವು ಕೇಳಬಹುದು. ಬ್ರಿಟನ್ನಿನಲ್ಲಿ 33 ಚಿಕಿತ್ಸಾಲಯಗಳ 1,546 ರೋಗಿಗಳ ಮೇಲೆ ನಡೆದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಮೂರು ಅಥವಾ ಹೆಚ್ಚು ಕಾಯಿಲೆ. ಅರ್ಧದಷ್ಟು ಚಿಕಿತ್ಸಾಲಯಗಳಲ್ಲಿ ಆರು ತಿಂಗಳಿಗೊಮ್ಮೆ ಎಲ್ಲ ಕಾಯಿಲೆಗಳನ್ನೂ ಒಟ್ಟಿಗೆ ಕೂರಿಸಿ ನೋಡಿದರು. ಜೀವನದ ಗುಣಮಟ್ಟದ ಅಂಕ ಮೇಲೇರಲಿಲ್ಲ. ತಮ್ಮನ್ನು ಕೇಳಿ, ತಮ್ಮ ಮಾತಿಗೆ ಬೆಲೆ ಕೊಟ್ಟು ನೋಡುತ್ತಿದ್ದಾರೆ ಎನ್ನುವ ಅಂಕ ಏರಿತು. ಹಾಗಾದರೆ ಏನು ಪ್ರಯೋಜನ ಎಂದವರಿದ್ದಾರೆ. ಎಪ್ಪತ್ತು ದಾಟಿದವರ ಮಂಡಿ ಹಳೆಯ ಮಂಡಿಯಾಗುವುದಿಲ್ಲ; ಅವರ ಮಾತು ಕೇಳಿಸಿಕೊಳ್ಳುವುದೂ ಚಿಕಿತ್ಸೆಯ ಭಾಗವೇ ಎನ್ನುವುದು ನನ್ನ ಅಭಿಪ್ರಾಯ. ಒಂದು ಎಚ್ಚರಿಕೆ ಬೇಕು: ಈ ಅಂಕಕ್ಕೆ ನೌಕರರ ಬಡ್ತಿ ಗಿಡ್ತಿ ಕಟ್ಟಿಬಿಟ್ಟರೆ, "ಅಜ್ಜಿ, ಐದು ಅಂತ ಹೇಳಿ" ಎಂದು ಹೇಳಿಕೊಡುವುದು ಶುರುವಾಗುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಈ ವರ್ಷ ಒಂದು ಕೆಲಸ ಮಾಡಬಹುದು. ಊರಿನ ಹಿರಿಯರ ಹತ್ತಿರ, ಅವರು ಒಪ್ಪಿದರೆ, ಹೆಸರು ಬರೆದುಕೊಳ್ಳದೆ ನಾಲ್ಕೇ ಪ್ರಶ್ನೆ ಕೇಳೋಣ. ಎಷ್ಟು ಕಡೆ ತೋರಿಸುತ್ತೀರಿ? ಒಂದು ಕಡೆಯ ಚೀಟಿಯನ್ನು ಇನ್ನೊಂದು ಕಡೆ ನೋಡಿದರೇ? ಯಾವ ಮಾತ್ರೆ ಯಾಕೆ ಎಂದು ಹೇಳಿದರೇ? ನಿಮಗೆ ಎಲ್ಲಕ್ಕಿಂತ ಕಷ್ಟ ಕೊಡುವುದು ಯಾವುದು ಎಂದು ಕೇಳಿದರೇ? ಬಂದ ಉತ್ತರಗಳನ್ನು ಆರೋಗ್ಯ ಕೇಂದ್ರದ ವೈದ್ಯರ ಮುಂದಿಡೋಣ. ಜೊತೆಗೆ, ನುಂಗುವ ಎಲ್ಲ ಮಾತ್ರೆಗಳನ್ನೂ ಒಂದೇ ಕಡೆ ಬರೆದುಕೊಳ್ಳಲು ಒಂದು ಕಾರ್ಡ್ ಅಚ್ಚು ಹಾಕಿಸಿ ತಂದಿದ್ದೇನೆ, ಅಕ್ಷರ ದೊಡ್ಡದಾಗಿದೆ. ಊಟದ ಪಂಕ್ತಿಯ ಪಕ್ಕದ ಮೇಜಿನ ಮೇಲಿಟ್ಟಿದ್ದೇನೆ, ತೆಗೆದುಕೊಂಡು ಹೋಗಿ.