ಮಾಸ್ತರರ ತಾಸು

(ಗೊಬ್ಬೂರದಲ್ಲಿ ಶಿಕ್ಷಕರೂ ಪಾಲಕರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಪ್ರಾಥಮಿಕ ಶಾಲೆಯ ಶಿಕ್ಷಕರ ದಿನಚರ್ಯೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ನಮಗೆ ಅಪ್ಪಣೆ ಮಾಡಿರುವಿರಿ. ವಕೀಲಿ ಮಾಡುವ ನಮಗೂ ಈ ವಿಷಯಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವುಂಟು. ಕೋರ್ಟಿಗೆ ಬಂದ ಒಕ್ಕಲಿಗನು ತನ್ನ ಹೊಲದ ಪಹಣಿಯನ್ನು ತಾನೇ ಓದಲಾರದೆ ನಮ್ಮ ಕೈಗೆ ನೀಡುವಾಗ, ಅವನ ಮೊದಲನೆಯ ದಾವೆ ಎಲ್ಲಿ ಸೋತಿತೆಂಬುದು ನಮಗೆ ತಿಳಿಯುತ್ತದೆ. ಅದು ಕೋರ್ಟಿನಲ್ಲಿ ಸೋತುದಲ್ಲ. ಎರಡನೆಯ ಮೂರನೆಯ ತರಗತಿಯ ಕೋಣೆಯಲ್ಲಿ ಸೋತುದು.

ಈ ನೆಲವು ವಿದ್ಯೆಗೆ ಹೊಸದಲ್ಲ. ನಮ್ಮ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ. ಕಾವೇರಿಯಿಂದ ಗೋದಾವರಿಯ ವರೆಗೆ ಕನ್ನಡನಾಡೆಂದು ಮೇರೆಯನ್ನು ಹೇಳಿದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಅಂಥ ನೆಲದಲ್ಲಿಯೇ ನಿಜಾಮ ಸರಕಾರದ ಕಾಲಕ್ಕೆ ಕನ್ನಡದ ಹುಡುಗನು ಮೇಲಿನ ತರಗತಿಗಳನ್ನು ಏರಿದಂತೆ ತಾಯ್ನುಡಿಯನ್ನು ಶಾಲೆಯ ಹೊರಗೆ ಬಿಟ್ಟು ಬರಬೇಕಾಯಿತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆ ಉರ್ದು. ಪರಭಾಷೆಯಾದ ಇಂಗ್ಲಿಷನ್ನು ಬಿಟ್ಟು ದೇಶಭಾಷೆಯಲ್ಲಿ ಉಚ್ಚ ಶಿಕ್ಷಣವನ್ನು ಕೊಡುವ ಸಾಹಸವು ಮೆಚ್ಚತಕ್ಕದ್ದೇ. ಆದರೆ ಕನ್ನಡ, ತೆಲುಗು, ಮರಾಠಿಗಳ ಮಕ್ಕಳಿಗೆ ಅದೂ ಪರಭಾಷೆಯೇ ಆಗಿತ್ತು. ಆ ದಿನಗಳಲ್ಲಿ ಕಲಬುರಗಿಯಲ್ಲಿ ೧೯೦೭ರಲ್ಲಿ ಆರಂಭವಾದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ, ಇಂಥವುಗಳು ಎಣ್ಣೆ ಆರದಂತೆ ದೀಪವನ್ನು ಕಾಯ್ದುಕೊಂಡವು. ೧೯೪೮ರ ಸಪ್ಟೆಂಬರ ೧೭ರಂದು ನಿಜಾಮಶಾಹಿ ಕೊನೆಗಂಡಿತು. ೧೯೫೬ರ ನವೆಂಬರ ೧ರಂದು ಕನ್ನಡನಾಡು ಒಂದಾಯಿತು.

ನಕ್ಷೆಯಲ್ಲಿ ಒಂದಾಯಿತು, ನಿಜ. ಶಾಲೆಯಲ್ಲಿ ಒಂದಾಯಿತೆ? ೨೦೨೫ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯ ಫಲಿತಾಂಶವನ್ನು ನೋಡಿರಿ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನೂರಕ್ಕೆ ೯೧.೧೨ರಂತೆ ತೇರ್ಗಡೆಯಾದರು, ನಮ್ಮ ಕಲಬುರಗಿಯಲ್ಲಿ ನೂರಕ್ಕೆ ೪೨.೪೩. ರಾಜ್ಯದಲ್ಲಿ ಕೊನೆಯ ಸ್ಥಾನ ನಮ್ಮದು. ಒಂದೇ ರಾಜ್ಯ, ಒಂದೇ ಪರೀಕ್ಷೆ. ಆದರೂ ಒಂದು ಕಡೆಗೆ ಹತ್ತರಲ್ಲಿ ಒಬ್ಬನು ಹಿಂದೆ ಉಳಿದರೆ, ಇನ್ನೊಂದು ಕಡೆಗೆ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದೆ ಉಳಿದರು. ಇದನ್ನು ಓದಿದವರೆಲ್ಲ ಹೈಸ್ಕೂಲಿನ ಕಡೆಗೆ ಬೆರಳು ತೋರಿಸುತ್ತಾರೆ. ಹತ್ತನೆಯ ತರಗತಿಯಲ್ಲಿ ಬಿದ್ದ ಗೋಡೆಯ ಬಿರುಕು ಮೂರನೆಯ ತರಗತಿಯ ಅಡಿಪಾಯದಲ್ಲಿ ಹುಟ್ಟಿದ್ದೆಂಬುದನ್ನು ಎಷ್ಟು ಮಂದಿ ವಿಚಾರಿಸುತ್ತಾರೆ?

ಆದುದರಿಂದ ಆ ಅಡಿಪಾಯವನ್ನು ಹಾಕುವವರ ಒಂದು ದಿನವನ್ನು ನೋಡೋಣ.

ನಲಿ-ಕಲಿಯ ಕೋಣೆಯಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಕೂಡಿಯೇ ಕುಳಿತಿರುತ್ತಾರೆ. ಈ ಪದ್ಧತಿಯು ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ಮುಂದೆ ನಾಡಿಗೆಲ್ಲ ಹರಡಿತು. ಮಕ್ಕಳು ಐದು ಗುಂಪುಗಳಾಗಿ ಕಲಿಯುತ್ತಾರೆ. ಒಂದು ಗುಂಪಿಗೆ ಮಾಸ್ತರರ ಪೂರ್ತಿ ಸಹಾಯ ಬೇಕು; ಇನ್ನೊಂದಕ್ಕೆ ಸ್ವಲ್ಪ ಸಾಕು; ಉಳಿದವರು ತಮ್ಮ ತಮ್ಮೊಳಗೆ ಇಲ್ಲವೆ ತಾವೇ ಕಲಿಯತಕ್ಕವರು. ಕಾಗದದ ಮೇಲೆ ಇದು ಬಹು ಸುಂದರ. ಆದರೆ ಮಾಸ್ತರರು ಕೋಣೆಯಲ್ಲಿದ್ದರೆ ಮಾತ್ರ ಇದು ನಡೆಯುವ ಯಂತ್ರ. ಅವರು ಅರ್ಧ ತಾಸು ಹೊರಗೆ ಹೋದರೆ ಐದು ಗುಂಪುಗಳು ಒಂದೇ ಗದ್ದಲವಾಗುತ್ತವೆ.

ಇನ್ನು ಮಕ್ಕಳ ಮಾತು. ಈ ಸೀಮೆಯ ಒಂದೊಂದು ಕೋಣೆಯಲ್ಲಿ ಊರಿನ ಕನ್ನಡದ ಮಗುವಿದೆ, ಮನೆಯಲ್ಲಿ ಉರ್ದುವಾಡುವ ಮಗುವಿದೆ, ತಾಂಡಾದಿಂದ ಬಂದ ಲಂಬಾಣಿ ಮಗುವಿದೆ; ಆಳಂದದ ಆಚೆಯ ಗಡಿ ಸಮೀಪಿಸಿದಲ್ಲಿ ಮರಾಠಿಯ ಮಗುವೂ ಇದೆ. ಕನ್ನಡದ ಮಗುವಿಗೂ ಪುಸ್ತಕದ ಕನ್ನಡ ತನ್ನದಲ್ಲ. ಅದು 'ಹ್ಯಾಂಗ' ಎಂದರೆ ಪುಸ್ತಕವು 'ಹೇಗೆ' ಎನ್ನುತ್ತದೆ. 'ತಪ್ಪು' ಎಂದು ಗದರಿಸಿದರೆ ಮಗುವು ಬಾಯಿ ಮುಚ್ಚುತ್ತದೆ. ಮುಚ್ಚಿದ ಬಾಯಿ ಓದಲಾರದು. ಬಲ್ಲ ಮಾಸ್ತರರು ಹೀಗೆ ಮಾಡುವುದಿಲ್ಲ. "ಮನ್ಯಾಗ ನೀ ಅನ್ನೂದು ಖರೆ ಅದ, ಪುಸ್ತಕದಾಗ ಹಿಂಗ ಬರೀತಾರ" ಎಂದು ಒಂದರ ಕೈಹಿಡಿದು ಇನ್ನೊಂದಕ್ಕೆ ಕರೆದೊಯ್ಯುತ್ತಾರೆ. ಕನ್ನಡಗಳು ಹಲವು ಬಗೆಯವೆಂಬುದನ್ನು ಕವಿರಾಜಮಾರ್ಗಕಾರನೇ ಬಲ್ಲವನಾಗಿದ್ದನು. ಮಹನೀಯರೆ, ಏಕೀಕರಣದ ಉಳಿದ ಕೆಲಸವೆಂದರೆ ಇದೇ. ಯಾವ ಆಯೋಗವೂ ಇದನ್ನು ಮಾಡಲಾರದು. ನೆಲದ ಮೇಲೆ ಮಕ್ಕಳ ನಡುವೆ ಕುಳಿತ ಮಾಸ್ತರರೇ ಮಾಡತಕ್ಕದ್ದು. ಇದಕ್ಕೆ ಬೇಕಾದುದು ಕಾಲ.

ಆ ಕಾಲವೇ ಅವರ ಕೈಯಲ್ಲಿಲ್ಲ. ಪ್ರಾರ್ಥನೆ ಮುಗಿದೊಡನೆ ಹಾಜರಿ. ಹಾಜರಿಯನ್ನು ಪುಸ್ತಕದಲ್ಲಿ ಬರೆದರೆ ಸಾಲದು, ಮೊಬೈಲಿನಲ್ಲಿಯೂ ತುಂಬಬೇಕು. ಊರಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮಾಳಿಗೆಯನ್ನು ಹತ್ತಬೇಕು. ಬಳಿಕ ಹಾಲು, ಊಟ, ತತ್ತಿ. ೨೦೦೨ರಲ್ಲಿ ಅಕ್ಷರ ದಾಸೋಹವು ಮೊದಲಾದುದು ನಮ್ಮ ಈ ಈಶಾನ್ಯದ ಜಿಲ್ಲೆಗಳಲ್ಲಿಯೇ. ೨೦೨೧ರ ಡಿಸೆಂಬರದಲ್ಲಿ ತತ್ತಿಯೂ ಬಂದಿತು. ಹಸಿದ ಹೊಟ್ಟೆಗೆ ಅಕ್ಷರ ಇಳಿಯದೆಂಬುದನ್ನು ಬಲ್ಲ ನಾವು ಇದನ್ನು ಎಂದೂ ಬೇಡವೆನ್ನೆವು. ಆದರೆ ಅಕ್ಕಿ, ಬೇಳೆ, ಎಣ್ಣೆ, ಸಿಲಿಂಡರ್, ಬಾಳೆಹಣ್ಣುಗಳ ಲೆಕ್ಕವನ್ನು ಇಡುವವರು ಪಾಠ ಹೇಳತಕ್ಕವರೇ. ಅದರ ಮೇಲೆ ವಿದ್ಯಾರ್ಥಿವೇತನದ ಅರ್ಜಿ, ಆಧಾರಿನ ಹೆಸರಿನ ತಿದ್ದುಪಡಿ, ತರಬೇತಿ, ಸಭೆ, ವರದಿ. ತೊಗರಿ ಕೊಯ್ಲಿನ ಡಿಸೆಂಬರ-ಜನೇವರಿಗಳಲ್ಲಿಯೂ, ಕಬ್ಬಿನ ಹಂಗಾಮಿನಲ್ಲಿಯೂ ಬೆಂಚುಗಳು ಬರಿದಾಗುತ್ತವೆ. ತಾಯಿತಂದೆ ಹೊಲಕ್ಕೆ ಹೋದರೆ ಹಿರಿಯ ಮಗಳು ಕೂಸನ್ನು ಕಂಕುಳಲ್ಲಿ ಹೊತ್ತು ಮನೆಯಲ್ಲಿ ಉಳಿಯುತ್ತಾಳೆ. ಅವಳನ್ನು ಕರೆತರಲು ಮನೆಗೆ ಹೋಗುವವರೂ ಮಾಸ್ತರರೇ.

ಇಷ್ಟರಲ್ಲಿ ಚುನಾವಣೆಯ ಯಾದಿ ಬರುತ್ತದೆ, ಸಮೀಕ್ಷೆ ಬರುತ್ತದೆ. ೨೦೨೫ರ ಸಪ್ಟೆಂಬರ ೨೨ರಿಂದ ನಮ್ಮ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ಮನೆಮನೆಗೆ ತಿರುಗಿದವರಲ್ಲಿ ಬಹುಪಾಲು ಶಿಕ್ಷಕರು. ಕೆಲಸ ಮುಗಿಯದೆ ಹೋದುದರಿಂದ ಅಕ್ಟೋಬರ ೧೮ರ ವರೆಗೆ ಶಾಲೆಗಳ ರಜೆಯನ್ನೇ ಬೆಳೆಸಬೇಕಾಯಿತು. ಹಿಂದುಳಿದವರ ಎಣಿಕೆ ಬೇಕು. ಅದಕ್ಕೆ ನಮ್ಮ ವಿರೋಧವಿಲ್ಲ. ಹಿಂದುಳಿದವರ ಮಕ್ಕಳ ಪಾಠವನ್ನು ಮುರಿದು ಅದನ್ನು ಮಾಡಬೇಕೆ ಎಂಬುದಷ್ಟೆ ನಮ್ಮ ಪ್ರಶ್ನೆ.

ಇಲ್ಲಿ ಕಾಯ್ದೆಯ ಮಾತನ್ನು ಹೇಳುವುದು ನಮ್ಮ ಕರ್ತವ್ಯ. ೨೦೦೯ರ ಶಿಕ್ಷಣ ಹಕ್ಕಿನ ಕಾಯ್ದೆಯು ೨೦೧೦ರ ಏಪ್ರಿಲ್ ೧ರಿಂದ ಜಾರಿಯಲ್ಲಿದೆ. ಅದರ ೨೭ನೆಯ ಕಲಮಿನಂತೆ ಶಿಕ್ಷಕರನ್ನು ಹೊರಗಿನ ಮೂರೇ ಕೆಲಸಗಳಿಗೆ ಹಚ್ಚಬಹುದು: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆ. ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ೨೦೦ ದಿನ, ೮೦೦ ತಾಸು. ಆರರಿಂದ ಎಂಟಕ್ಕೆ ೨೨೦ ದಿನ, ೧೦೦೦ ತಾಸು ಬೋಧನೆ ನಡೆಯಬೇಕೆಂದು ಅದೇ ಕಾಯ್ದೆಯ ಅನುಸೂಚಿ ಹೇಳುತ್ತದೆ. ಮತದಾರರ ಯಾದಿಯ ಕೆಲಸವನ್ನು ರಜೆಯ ದಿನ, ಬೋಧನೆಯಿಲ್ಲದ ದಿನಗಳಲ್ಲಿ ಮಾಡಿಸತಕ್ಕದ್ದು, ಸಾಮಾನ್ಯವಾಗಿ ಪಾಠದ ವೇಳೆಯಲ್ಲಿ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೦೭ರಲ್ಲಿಯೇ ತೀರ್ಪು ಕೊಟ್ಟಿತು. ಅಂದ ಮೇಲೆ ಮಾಸ್ತರರ ತಾಸು ಅವರ ಸ್ವಂತ ಸೊತ್ತೂ ಅಲ್ಲ, ಸರಕಾರದ ಬಿಟ್ಟಿ ಕೂಲಿಯೂ ಅಲ್ಲ. ಅದು ಕಾಯ್ದೆಯು ಮಗುವಿನ ಹೆಸರಿನಲ್ಲಿ ಇಟ್ಟ ಠೇವಣಿ. ಮುಟ್ಟುವವರು ಲೆಕ್ಕ ಕೊಡಬೇಕು.

ಮಾಸ್ತರರಲ್ಲಿ ಆಲಸಿಗಳಿಲ್ಲವೆ? ಇದ್ದಾರೆ. ವಕೀಲರಲ್ಲಿಯೂ ಇದ್ದಾರೆ. ಆದರೆ ಹೊರಗಿನ ಕೆಲಸದ ನೆವವೇ ಆಲಸಿಗೆ ಮರೆಯಾಗುತ್ತದೆ, ದುಡಿಯುವವರಿಗೆ ಸಂಕೋಲೆಯಾಗುತ್ತದೆ. ನೆವವನ್ನು ತೆಗೆದುಬಿಡಿರಿ, ಯಾರು ಯಾರೆಂಬುದು ಒಂದು ವರ್ಷದಲ್ಲಿ ಊರಿಗೆಲ್ಲ ಕಾಣುವುದು.

ಹೀಗಿರಲು ನಾವು ಮಾಡತಕ್ಕದ್ದೇನು? ಸರಕಾರಕ್ಕೆ ಮನವಿ ಕೊಡುವುದು ಇದ್ದೇ ಇದೆ: ಖಾಲಿಯಿರುವ ಸ್ಥಾನಗಳಿಗೆ ಖಾಯಂ ಶಿಕ್ಷಕರನ್ನು ಕೊಡಿರಿ, ಗೌರವಧನದ ಅತಿಥಿ ಶಿಕ್ಷಕರಿಂದಲೇ ವರುಷ ನೂಕಬೇಡಿರಿ, ಲೆಕ್ಕದ ಕೆಲಸಕ್ಕೆ ಒಬ್ಬ ಗುಮಾಸ್ತನನ್ನು ಕೊಡಿರಿ ಎಂದು. ಈ ಪ್ರದೇಶಕ್ಕೆಂದೇ ಸಂವಿಧಾನದಲ್ಲಿ ೩೭೧-ಜೆ ಕಲಮನ್ನು ೨೦೧೨ರಲ್ಲಿ ಸಂಸತ್ತು ಅಂಗೀಕರಿಸಿತು; ಅದರ ಫಲವು ಗೊಬ್ಬೂರದ ಒಂದನೆಯ ತರಗತಿಯಲ್ಲಿ ಕಾಣದಿದ್ದರೆ ಮತ್ತೆಲ್ಲಿ ಕಾಣಬೇಕು?

ಆದರೆ ಮನವಿಯ ಹಾದಿ ಉದ್ದವಾದುದು. ನಾಳೆಯಿಂದಲೇ ಮಾಡಬಹುದಾದ ಒಂದು ಕೆಲಸವುಂಟು. ಕಾಯ್ದೆಯ ಪ್ರಕಾರ ಶಾಲೆಯ ಆಡಳಿತ ಮಂಡಲಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಸ್ತ್ರೀಯರು ಇರಬೇಕು. ನಮ್ಮಲ್ಲಿ ಅದನ್ನು ಎಸ್.ಡಿ.ಎಂ.ಸಿ. ಎನ್ನುತ್ತೇವೆ. ಆ ಮಂಡಲಿಯವರು ಒಂದು ನೋಟುಬುಕ್ಕನ್ನು ಇಡಲಿ. ಯಾವ ದಿನ, ಯಾವ ತರಗತಿಯ ಪಾಠ, ಎಷ್ಟು ತಾಸು, ಯಾರ ಹುಕುಮಿನ ಮೇಲೆ, ಯಾವ ಕೆಲಸಕ್ಕಾಗಿ ಕಳೆಯಿತೆಂಬುದನ್ನು ಅದರಲ್ಲಿ ಬರೆಯಲಿ. ಕೊಯ್ಲಿಗಾಗಿ ನಾವೇ ಬಿಡಿಸಿಕೊಂಡ ಮಕ್ಕಳ ದಿನಗಳನ್ನೂ ಮುಚ್ಚುಮರೆಯಿಲ್ಲದೆ ಬರೆಯಲಿ. ತಪ್ಪು ಸರಕಾರದ್ದೊಂದೇ ಎಂದು ನಟಿಸುವುದು ಬೇಡ. ವರ್ಷಕ್ಕೊಮ್ಮೆ ಆ ಪುಸ್ತಕವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಪುರಾವೆಯಿಲ್ಲದ ದೂರು ಕೋರ್ಟಿನಲ್ಲಿ ನಿಲ್ಲದು, ಕಚೇರಿಯಲ್ಲಿಯೂ ನಿಲ್ಲದು. ಈ ಪುಸ್ತಕವು ಪುರಾವೆಯಾಗುವುದು.

ಆ ಪುಸ್ತಕದ ಮೊದಲ ಪುಟದಲ್ಲಿ ೮೦೦ ಎಂದು ಬರೆಯಿರಿ. ವರ್ಷದ ಕೊನೆಗೆ ಅದರಲ್ಲಿ ಎಷ್ಟು ಉಳಿಯಿತೆಂಬುದನ್ನು ಕೂಡಿ ಕಳೆದು ಹೇಳುವ ಕೆಲಸವನ್ನು ನಿಮ್ಮ ಐದನೆಯ ತರಗತಿಯ ಮಕ್ಕಳಿಗೇ ಒಪ್ಪಿಸಿರಿ. ಲೆಕ್ಕವೂ ಕಲಿತಂತಾಗುವುದು, ತಮ್ಮ ಸೊತ್ತು ಯಾವುದೆಂಬುದೂ ಅವರಿಗೆ ತಿಳಿಯುವುದು.