ಬರೀ ಗಾಳಿಯಲ್ಲ



ಶ್ರೀರಂಗಪಟ್ಟಣದ ಸಂಕ್ರಾಂತಿಯ ಲಕ್ಷದೀಪೋತ್ಸವವಾಗಲಿ, ಪಾಂಡವಪುರ ಸೀಮೆಯ ಮೇಲುಕೋಟೆಯ ವೈರಮುಡಿಯಾಗಲಿ, ಕೃಷ್ಣರಾಜಪೇಟೆಯ ಕಡೆಯ ಹೇಮಗಿರಿ ಜಾತ್ರೆಯಾಗಲಿ, ನಾಗಮಂಗಲದ ಕಡೆಯ ಆದಿಚುಂಚನಗಿರಿಯಾಗಲಿ, ಜನಸಂದಣಿಯ ಮೇಲೆ ದೂರದಿಂದಲೇ ಕಣ್ಣಿಗೆ ಬೀಳುವುದು ಬಲೂನು ಮಾರುವವನ ಗೊಂಚಲು. ಆ ಗೊಂಚಲು ಈಗ ಜಾತ್ರೆಯ ಬಯಲನ್ನು ಬಿಟ್ಟು ನಮ್ಮ ನಡುಮನೆಗೂ ಬಂದಿದೆ. ನಾಮಕರಣಕ್ಕೆ, ಹುಟ್ಟುಹಬ್ಬಕ್ಕೆ, ಕಡೆಗೆ ದಸರೆಯ ಬೊಂಬೆಗಳ ಹಿಂದಕ್ಕೂ ಬಲೂನೇ ತೋರಣ. ಮಾವಿನ ತೋರಣ ದೀಪಕ್ಕೆ ತಗುಲಿದರೆ ಬಾಡುತ್ತದೆ. ಇದು ಬಾಡುವ ಜಾತಿಯದಲ್ಲ.

ರಾಜ ಒಡೆಯರು 1610ರಲ್ಲಿ ದಸರೆಯನ್ನು ಆರಂಭಿಸಿದ ಊರು ಶ್ರೀರಂಗಪಟ್ಟಣ. ಕೆಲವು ವರ್ಷಗಳ ಹಿಂದೆ ಅಲ್ಲಿಯ ಮೆರವಣಿಗೆಯನ್ನು ನೋಡಿ ಪಾಂಡವಪುರದ ತಂಗಿಯ ಮನೆಗೆ ಹೊರಟವನು, ಮಕ್ಕಳಿಗೆಂದು ಹನ್ನೆರಡು ಗ್ಯಾಸ್ ಬಲೂನು ಕೊಂಡೆ. ಬಸ್ ನಿಲ್ದಾಣದಲ್ಲಿ ಪಕ್ಕದವರೊಬ್ಬರು ಬೀಡಿ ಹಚ್ಚಿದರು. ನಾನು ಗೊಂಚಲು ಹಿಡಿದು ನಗುತ್ತ ನಿಂತಿದ್ದೆ. ಈಗ ನೆನೆದರೆ ಮೈ ಬೆವರುತ್ತದೆ. ಇದರೊಳಗೆ ಏನಿದೆಯೆಂದು ತಂಗಿ ಕೇಳಿದಾಗ, 'ಬರೀ ಗಾಳಿ' ಎಂದುಬಿಟ್ಟೆ.

ಮಕ್ಕಳು ಅವನ್ನು ಬೊಂಬೆಗಳ ಮೇಲೆ ತೊಲೆಗೆ ತಾಗುವಂತೆ ತೇಲಿಬಿಟ್ಟರು. ರಬ್ಬರಿನ ಬಲೂನಿನಿಂದ ಅನಿಲ ಮೆಲ್ಲನೆ ಸೋರುತ್ತದೆ. ಮರುದಿನ ಬೆಳಗಿನ ಪೂಜೆಯ ಹೊತ್ತಿಗೆ ಅವು ಅರ್ಧ ಇಳಿದು ಬೊಂಬೆಗಳ ತಲೆಯವರೆಗೆ ಬಂದಿದ್ದವು. ತಂಗಿ ಆರತಿ ಎತ್ತಿದಳು. ದೊಡ್ಡ ಸದ್ದೇನೂ ಇಲ್ಲ. ಉಫ್ ಎಂಬ ಒಂದು ಉಸಿರು, ಹಳದಿ ಬಟ್ಟೆ ಬೀಸಿದಂಥ ಜ್ವಾಲೆ, ಅಷ್ಟೆ. ಅವಳ ಮುಂಗೈ, ಹುಬ್ಬು, ಸೆರಗು ಸುಟ್ಟಿದ್ದವು. ಮಕ್ಕಳು ಎರಡು ಹೆಜ್ಜೆ ಹಿಂದಿದ್ದುದು ನಮ್ಮ ಪುಣ್ಯ. ಮುಂಗೈಗೆ ನೀರು ಸುರಿಯುತ್ತಿದ್ದಾಗ ಅವಳು, 'ಬರೀ ಗಾಳಿ ಅಂದ್ಯಲ್ಲಣ್ಣಯ್ಯ' ಎಂದಳು.

ಅದು ಜಲಜನಕ. ಗಾಳಿಯಲ್ಲಿ ನೂರಕ್ಕೆ 4 ಪಾಲಿನಿಂದ 75 ಪಾಲಿನವರೆಗೆ ಎಷ್ಟು ಬೆರೆತರೂ ಕಿಡಿಗೆ ಹತ್ತಿಕೊಳ್ಳುವ ಅನಿಲ. 1937ರ ಮೇ 6ರಂದು ಅಮೆರಿಕದಲ್ಲಿ ಹಿಂಡೆನ್‌ಬರ್ಗ್ ವಾಯುನೌಕೆ ನಿಮಿಷದೊಳಗೆ ಉರಿದುಹೋದಾಗ ಅದರ ಹೊಟ್ಟೆಯಲ್ಲಿದ್ದುದೂ ಇದೇ. ಉರಿಯದ ಹೀಲಿಯಂ ಬೇರೊಂದಿದೆ. 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ನೋಡಲು ಗುಂಟೂರಿಗೆ ಬಂದಿದ್ದ ಫ್ರೆಂಚ್ ವಿಜ್ಞಾನಿ ಜಾನ್ಸೆನ್ನರ ಹೆಸರು ಅದರ ಶೋಧದ ಕಥೆಯಲ್ಲಿ ಸೇರಿಹೋಗಿದೆ. ಆದರೆ ಹೀಲಿಯಂ ದುಬಾರಿ. ಆದಕಾರಣ ಬೀದಿಯ ವ್ಯಾಪಾರಿ ಕಾಸ್ಟಿಕ್ ಸೋಡಾ, ಅಲ್ಯೂಮಿನಿಯಂ ಚೂರುಗಳಿಂದ ಜಲಜನಕವನ್ನು ತಾನೇ ಮಾಡಿಕೊಳ್ಳುವುದುಂಟು. ಆಗ ಬಿಸಿಯೂ ಒತ್ತಡವೂ ಏರುತ್ತವೆ. ಹಳೆಯ ಸಿಲಿಂಡರು ತಾಳದೆ ಸಿಡಿದರೆ ಮೊದಲ ಬಲಿ ಆ ಬಡವನೇ, ಜೊತೆಗೆ ಸುತ್ತ ನಿಂತ ಮಕ್ಕಳು. ಸಿಲಿಂಡರು ತುಂಬಲು ಪರವಾನಗಿ ಬೇಕೆಂದು 2016ರ ಕೇಂದ್ರ ನಿಯಮಗಳಿವೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಅದನ್ನು ವಿಚಾರಿಸಿದವರನ್ನು ನಾನು ಕಂಡಿಲ್ಲ. ನಾನೂ ವಿಚಾರಿಸಲಿಲ್ಲ.

ಒಳಗಿರುವುದು ಯಾವ ಅನಿಲವೆಂದು ಕಣ್ಣಿಗೆ ತಿಳಿಯದು. ಹಾಗಾಗಿ ತೇಲುವ ಬಲೂನೆಲ್ಲ ಉರಿಯುವ ಬಲೂನೆಂದೇ ಬಗೆಯುವುದು ಲೇಸು. ನಂದಾದೀಪ, ಊದುಬತ್ತಿ, ಕೇಕಿನ ಮೇಣದಬತ್ತಿ, ಒಲೆ ಇರುವ ಕೋಣೆಗೆ ಅದನ್ನು ತರಬಾರದು. ಕಿಟಕಿ ಮುಚ್ಚಿದ ಕಾರಿನಲ್ಲಿ ಒಯ್ಯಬಾರದು. ಹೀಲಿಯಮ್ಮನ್ನು ಸೇದಿ ದನಿ ಬದಲಿಸುವ ಚೇಷ್ಟೆಯೂ ಬೇಡ, ಅದರಿಂದ ಪ್ರಾಣವಾಯು ತಪ್ಪಿ ಪ್ರಜ್ಞೆ ಹೋದೀತು. ಬೆಳ್ಳಿಯಂತೆ ಹೊಳೆಯುವ ಬಲೂನು ವಿದ್ಯುತ್ತಿನ ತಂತಿಗೆ ತಗುಲಿದರೆ ಅದೊಂದು ಬೇರೆ ಕಥೆ. ಮನೆಯ ಗೇಟಿನ ಮುಂದೆ ಮೋಟಾರಿನಿಂದ ಗಾಳಿಯೂದಿ ನಿಲ್ಲಿಸುವ ಕಮಾನುಗಳಿಗೆ ಬೆಂಕಿಗಿಂತ ಬಿರುಗಾಳಿಯ ಭಯ, ನೆಂದ ವೈರಿನ ಭಯ. ಮಳೆ ಬಂದಾಗ, ಮನೆಮಂದಿ ಮಲಗುವಾಗ ಮೋಟಾರು ನಿಲ್ಲಿಸಿ ಮಡಿಸಿಡಬೇಕು.

ತಂಗಿಯ ಮನೆಯಲ್ಲಿ ಈಗಲೂ ದಸರೆಗೆ ಬಲೂನು ಕಟ್ಟುತ್ತಾರೆ, ಸೈಕಲ್ ಪಂಪಿನಲ್ಲಿ ಊದಿ, ದೀಪದಿಂದ ದೂರ. 'ಇವು ಹಾರಲ್ವಲ್ಲ ಮಾವ' ಎಂದು ಅವಳ ಕಿರಿಯ ಮಗಳು ಮೊದಲ ವರ್ಷ ಮುನಿಸಿಕೊಂಡಿದ್ದಳು. ಒಡೆದ ರಬ್ಬರಿನ ಚೂರನ್ನು ತೆವಳುವ ಮಗು ಬಾಯಿಗಿಟ್ಟರೆ ಗಂಟಲಿಗೆ ಅಂಟಿ ಉಸಿರು ಕಟ್ಟುತ್ತದೆ. ಅವನ್ನು ಒಂದೂ ಬಿಡದಂತೆ ಹೆಕ್ಕುವ ಕೆಲಸ ನನ್ನ ಪಾಲಿಗೆ ಬಂದಿದೆ.